ಕಸಾಯಿಖಾನೆಯಿಂದ ಹುದುಗು ತೊಟ್ಟಿಗೆ: ಹಾರ್ಮೋನ್ ತಯಾರಿಕೆ ನಡೆದು ಬಂದ ದಾರಿ

ಮನುಷ್ಯನ ದೇಹದಲ್ಲಿ ಎರಡು ಬಗೆಯ ಗ್ರಂಥಿಗಳಿವೆ. ಜೊಲ್ಲು, ಬೆವರು, ಕಣ್ಣೀರು ಸುರಿಸುವ ಗ್ರಂಥಿಗಳಿಗೆ ನಾಳಗಳಿವೆ. ಅವುಗಳ ರಸ ಎಲ್ಲಿಗೆ ಹೋಗುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ. ಇನ್ನೊಂದು ಬಗೆಯವು ನಿರ್ನಾಳ ಗ್ರಂಥಿಗಳು. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ, ಕೊರಳಿನ ಥೈರಾಯ್ಡ್, ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್, ಮೇದೋಜೀರಕ ಗ್ರಂಥಿಯೊಳಗಿನ ಲ್ಯಾಂಗರ್‌ಹಾನ್ಸ್ ದ್ವೀಪಗಳು, ವೃಷಣ, ಅಂಡಾಶಯ ಇವೆಲ್ಲ ತಮ್ಮ ಸ್ರಾವವನ್ನು ನೇರವಾಗಿ ರಕ್ತಕ್ಕೆ ಬಿಡುತ್ತವೆ. ಆ ಸ್ರಾವದಲ್ಲಿರುವ ರಾಸಾಯನಿಕ ವಸ್ತುವೇ ಹಾರ್ಮೋನ್. ರಕ್ತದೊಡನೆ ಅದು ಇಡೀ ದೇಹವನ್ನು ಸುತ್ತುತ್ತದೆ. ಆದರೆ ಅದನ್ನು ಗುರುತಿಸಬಲ್ಲ ಗ್ರಾಹಕ ಇರುವ ಜೀವಕೋಶದಲ್ಲಿ ಮಾತ್ರ ಅದರ ಕೆಲಸ ನಡೆಯುತ್ತದೆ.

ಹಾರ್ಮೋನುಗಳ ಪ್ರಮಾಣ ಅತ್ಯಲ್ಪ. ಆರೋಗ್ಯವಂತ ಮನುಷ್ಯನ ಥೈರಾಯ್ಡ್ ದಿನಕ್ಕೆ ಹೊರಬಿಡುವ ಥೈರಾಕ್ಸಿನ್ ಹೆಚ್ಚುಕಡಿಮೆ ಒಂದು ಗ್ರಾಮಿನ ಹತ್ತು ಸಾವಿರದ ಒಂದು ಭಾಗ. ಎಪ್ಪತ್ತು ವರ್ಷ ಬದುಕಿದವರ ಆಯುಷ್ಯದ ಥೈರಾಕ್ಸಿನ್ ಎಲ್ಲವನ್ನೂ ಒಟ್ಟುಗೂಡಿಸಿದರೂ ಒಂದು ಸಣ್ಣ ಚಮಚ ತುಂಬುವುದಿಲ್ಲ. ಹೀಗಾಗಿ ಹಾರ್ಮೋನುಗಳನ್ನು ಅರಿಯುವ ಪ್ರಯತ್ನ ಮೊದಲಿನಿಂದಲೂ ಅವುಗಳನ್ನು ಸಂಗ್ರಹಿಸುವ ಪ್ರಯತ್ನವೂ ಆಗಿತ್ತು. ಕುರಿಯ ಕೊರಳು, ಹಂದಿಯ ಮೇದೋಜೀರಕ, ಗರ್ಭಿಣಿಯ ಮೂತ್ರ, ಕಾಡಿನ ಗೆಡ್ಡೆ, ಮನುಷ್ಯನ ಶವ, ಕೊನೆಗೆ ಸೂಕ್ಷ್ಮಜೀವಿ ಹೀಗೆ ಮೂಲಗಳು ಬದಲಾಗುತ್ತ ಬಂದವು. ಪ್ರತಿಸಲ ಮೂಲ ಬದಲಾದಾಗಲೂ ದೇಹದ ಬಗೆಗಿನ ತಿಳಿವಳಿಕೆ ಒಂದು ಹೆಜ್ಜೆ ಮುಂದೆ ಹೋಯಿತು.

ಹುಂಜದ ಜುಟ್ಟು ಹೇಳಿದ ಪಾಠ

ಹೋರಿಯ ಬೀಜ ಒಡೆದರೆ ಅದು ಸಾಧುವಾದ ಎತ್ತಾಗುತ್ತದೆ ಎಂಬುದು ಬೇಸಾಯ ಮಾಡುವ ಎಲ್ಲ ನಾಡುಗಳ ರೈತರಿಗೂ ಸಾವಿರಾರು ವರ್ಷಗಳಿಂದ ಗೊತ್ತಿತ್ತು. ಹೀಗೇಕಾಗುತ್ತದೆ ಎಂಬ ಪ್ರಶ್ನೆಗೆ ಪ್ರಯೋಗದ ಮೂಲಕ ಉತ್ತರ ಹುಡುಕಿದವನು ಜರ್ಮನಿಯ ಗಟಿಂಗೆನ್ ವಿಶ್ವವಿದ್ಯಾಲಯದ ಆರ್ನಾಲ್ಡ್ ಬರ್ಟ್‌ಹೋಲ್ಡ್. 1849ರಲ್ಲಿ ಅವನು ಆರು ಎಳೆಯ ಹುಂಜಗಳನ್ನು ತೆಗೆದುಕೊಂಡ. ವೃಷಣಗಳನ್ನು ಪೂರ್ತಿ ತೆಗೆದುಹಾಕಿದ ಹುಂಜಗಳಿಗೆ ಜುಟ್ಟು ಬೆಳೆಯಲಿಲ್ಲ. ಅವು ಕೂಗಲಿಲ್ಲ, ಕಾಳಗಕ್ಕೆ ನಿಲ್ಲಲಿಲ್ಲ, ಹೇಂಟೆಗಳತ್ತ ತಿರುಗಿಯೂ ನೋಡಲಿಲ್ಲ. ಆದರೆ ವೃಷಣವನ್ನು ಅದರ ಸ್ಥಾನದಿಂದ ಕಿತ್ತು ಹೊಟ್ಟೆಯೊಳಗೆ ಬೇರೆ ಕಡೆ ಇಟ್ಟ ಹುಂಜಗಳು ಎಂದಿನಂತೆ ಬೆಳೆದವು. ನರಗಳ ಸಂಪರ್ಕ ಕಡಿದುಹೋಗಿದ್ದರೂ ಕಸಿಮಾಡಿದ ಅಂಗಕ್ಕೆ ಹೊಸ ರಕ್ತನಾಳಗಳು ಹುಟ್ಟಿಕೊಂಡಿದ್ದವು. ವೃಷಣದಿಂದ ರಕ್ತಕ್ಕೆ ಸೇರುವ ಯಾವುದೋ ವಸ್ತು ಇಡೀ ದೇಹದ ಮೇಲೆ ಪ್ರಭಾವ ಬೀರುತ್ತದೆ ಎಂದು ಬರ್ಟ್‌ಹೋಲ್ಡ್ ತೀರ್ಮಾನಿಸಿದ. ಆ ಕಾಲದ ವಿದ್ವಾಂಸರು ಅದನ್ನು ಗಂಭೀರವಾಗಿ ಪರಿಗಣಿಸಲಿಲ್ಲ.

ನಲವತ್ತು ವರ್ಷಗಳ ಬಳಿಕ, 1889ರಲ್ಲಿ, ಪ್ಯಾರಿಸ್ಸಿನ ಹೆಸರಾಂತ ಶರೀರಶಾಸ್ತ್ರಜ್ಞ ಬ್ರೌನ್-ಸೆಕಾರ್ ತನ್ನ 72ನೆಯ ವಯಸ್ಸಿನಲ್ಲಿ ನಾಯಿ ಮತ್ತು ಗಿನಿ ಇಲಿಗಳ ವೃಷಣದ ಸತ್ವವನ್ನು ತನಗೇ ಚುಚ್ಚಿಕೊಂಡು, ಹೋದ ಶಕ್ತಿ ಮರಳಿತೆಂದು ಸಾರಿದ. ಅದು ನಂಬಿಕೆಯ ಪರಿಣಾಮವಾಗಿತ್ತೇ ಹೊರತು ಔಷಧದ್ದಲ್ಲ. ವೃಷಣದ ಹಾರ್ಮೋನ್ ನೀರಿನಲ್ಲಿ ಅಷ್ಟಾಗಿ ಕರಗುವುದಿಲ್ಲವಾದ್ದರಿಂದ ಆ ನೀರುಸತ್ವದಲ್ಲಿ ಅದು ಸಾಕಷ್ಟು ಇದ್ದಿರಲಾರದು. ಆದರೂ ಆ ಘೋಷಣೆ ಯುರೋಪಿನಾದ್ಯಂತ ವೈದ್ಯರ ಗಮನವನ್ನು ಪ್ರಾಣಿಗಳ ಗ್ರಂಥಿಗಳತ್ತ ತಿರುಗಿಸಿತು. ಎರಡೇ ವರ್ಷದಲ್ಲಿ ನಿಜವಾದ ಫಲ ಸಿಕ್ಕಿತು.

ಕುರಿಯ ಕೊರಳಿನ ಗ್ರಂಥಿ

ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಶಸ್ತ್ರವೈದ್ಯ ಥಿಯೊಡೋರ್ ಕೋಕರ್, ಗಳಗಂಡದ ಚಿಕಿತ್ಸೆಗೆಂದು ಥೈರಾಯ್ಡನ್ನು ಪೂರ್ತಿ ತೆಗೆದ ರೋಗಿಗಳು ಕ್ರಮೇಣ ಊದಿಕೊಂಡು, ಮಂಕಾಗಿ, ಚಳಿ ತಾಳಲಾರದವರಾಗುವುದನ್ನು ಕಂಡು 1883ರಲ್ಲಿ ವರದಿ ಮಾಡಿದ. ಥೈರಾಯ್ಡ್ ತಾನಾಗಿ ಬತ್ತಿಹೋದವರಲ್ಲಿ ಕಾಣುವ ಮಿಕ್ಸಿಡೀಮ ಎಂಬ ಕಾಯಿಲೆಯ ಲಕ್ಷಣಗಳೂ ಇವೇ. ಹಾಗಿದ್ದರೆ ಇಲ್ಲದ ಗ್ರಂಥಿಯ ರಸವನ್ನು ಹೊರಗಿನಿಂದ ಕೊಡಬಹುದಲ್ಲವೇ ಎಂದು ಯೋಚಿಸಿದವನು ಇಂಗ್ಲೆಂಡಿನ ನ್ಯೂಕಾಸಲ್‌ನ ತರುಣ ವೈದ್ಯ ಜಾರ್ಜ್ ಮರ್ರೆ.

ಮರ್ರೆ ಅನುಸರಿಸಿದ ವಿಧಾನ ಸರಳವಾಗಿತ್ತು. ಆಗತಾನೆ ಕೊಯ್ದ ಕುರಿಯ ಥೈರಾಯ್ಡಿನ ಒಂದು ಹಾಲೆಯನ್ನು ಸಣ್ಣಗೆ ಹೆಚ್ಚಿ, ಗ್ಲಿಸರಿನ್ ಮತ್ತು ತಿಳಿಯಾದ ಕಾರ್ಬಾಲಿಕ್ ಆಮ್ಲದಲ್ಲಿ ಹಾಕಿ, ಗಾಜಿನ ನಳಿಕೆಯ ಬಾಯಿಗೆ ಹತ್ತಿ ಗಿಡಿದು ತಂಪಾದ ಜಾಗದಲ್ಲಿ ಒಂದು ದಿನ ಇಡಲಾಗುತ್ತಿತ್ತು. ಮರುದಿನ ಅದನ್ನು ಕುದಿಸಿ ಶುದ್ಧಮಾಡಿದ ತೆಳುವಾದ ಕರವಸ್ತ್ರದಲ್ಲಿ ಸುತ್ತಿ ಬಲವಾಗಿ ಹಿಂಡಿದರೆ ಮೂರು ಮಿಲಿಲೀಟರಿನಷ್ಟು ಮಬ್ಬಾದ ಗುಲಾಬಿ ಬಣ್ಣದ ದ್ರವ ಸಿಗುತ್ತಿತ್ತು. 1891ರಲ್ಲಿ ಮಿಕ್ಸಿಡೀಮದಿಂದ ನರಳುತ್ತಿದ್ದ 46 ವರ್ಷದ ಮಹಿಳೆಗೆ ಈ ದ್ರವವನ್ನು ಬೆನ್ನಿನ ಚರ್ಮದಡಿ ಚುಚ್ಚತೊಡಗಿದರು. ಕೆಲವೇ ತಿಂಗಳಲ್ಲಿ ಮುಖದ ಊತ ಇಳಿಯಿತು, ಮಾತು ಚುರುಕಾಯಿತು, ಚರ್ಮ ಮತ್ತೆ ಬೆವರತೊಡಗಿತು. ಆಕೆ ಇನ್ನೂ 28 ವರ್ಷ ಬದುಕಿ 1919ರಲ್ಲಿ, ತಮ್ಮ 74ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಅಷ್ಟು ವರ್ಷಗಳಲ್ಲಿ ಅವರೊಬ್ಬರಿಗಾಗಿ 870ಕ್ಕೂ ಹೆಚ್ಚು ಕುರಿಗಳ ಥೈರಾಯ್ಡ್ ಬಳಕೆಯಾಗಿತ್ತು ಎಂದು ಮರ್ರೆಯೇ ಲೆಕ್ಕ ಕೊಟ್ಟಿದ್ದಾನೆ.

1892ರಲ್ಲಿ ಚುಚ್ಚುವ ಅಗತ್ಯವೂ ಇಲ್ಲವೆಂದು ತಿಳಿಯಿತು. ಪ್ಲಿಮತ್‌ನ ಫಾಕ್ಸ್ ಎಂಬ ವೈದ್ಯ ಕುರಿಯ ಥೈರಾಯ್ಡನ್ನು ಹದವಾಗಿ ಹುರಿದು, ಕೊಚ್ಚಿ, ಹಣ್ಣಿನ ಜೆಲ್ಲಿಯೊಡನೆ ತಿನ್ನಿಸಿ ಅದೇ ಫಲ ಪಡೆದ. ಥೈರಾಯ್ಡಿನ ಹಾರ್ಮೋನ್ ಜಠರದಲ್ಲಿ ನಾಶವಾಗದೆ ಕರುಳಿನಿಂದ ರಕ್ತ ಸೇರುತ್ತದೆ. ಇಂದಿಗೂ ಅದನ್ನು ಮಾತ್ರೆಯಾಗಿ ನುಂಗಿದರೆ ಸಾಕಾಗುವುದು ಇದರಿಂದಲೇ. ಅದರ ಶುದ್ಧ ಹರಳುಗಳನ್ನು ಅಮೆರಿಕದ ಮೇಯೊ ಕ್ಲಿನಿಕ್ಕಿನ ಎಡ್ವರ್ಡ್ ಕೆಂಡಾಲ್ 1914ರ ಕ್ರಿಸ್‌ಮಸ್ ದಿನ ಕಂಡ. ಮುಂದೆ ಸುಮಾರು ಮೂರು ಟನ್ ಹಂದಿಯ ಥೈರಾಯ್ಡಿನಿಂದ ಅವನಿಗೆ ದಕ್ಕಿದ್ದು 33 ಗ್ರಾಂ ಥೈರಾಕ್ಸಿನ್.

ಹೆಸರು ಬಂದ ಬಗೆ

ಶುದ್ಧ ರೂಪದಲ್ಲಿ ಮೊದಲು ಕೈಗೆ ಸಿಕ್ಕ ಹಾರ್ಮೋನ್ ಥೈರಾಕ್ಸಿನ್ ಅಲ್ಲ, ಅಡ್ರಿನಾಲಿನ್. ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಜಪಾನಿನ ರಸಾಯನಶಾಸ್ತ್ರಜ್ಞ ಜೋಕಿಚಿ ತಕಾಮಿನೆ ಮತ್ತು ಅವನ ಸಹಾಯಕ ಕೈಜೊ ಉಯೆನಾಕ 1900ರಲ್ಲಿ ದನಗಳ ಅಡ್ರಿನಲ್ ಗ್ರಂಥಿಯಿಂದ ಅದನ್ನು ಹರಳುಗಟ್ಟಿಸಿದರು. ಪಾರ್ಕ್-ಡೇವಿಸ್ ಕಂಪನಿ ಅದನ್ನು ಮಾರಾಟಕ್ಕೆ ತಂದಿತು. ರಕ್ತನಾಳಗಳನ್ನು ಬಿಗಿಗೊಳಿಸುವ ಗುಣದಿಂದಾಗಿ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ತಡೆಯಲು ಅದು ಒಡನೆಯೇ ಬಳಕೆಗೆ ಬಂತು. ಬಿಸಾಡುತ್ತಿದ್ದ ಗ್ರಂಥಿಗಳಿಗೆ ಕಸಾಯಿಖಾನೆಗಳಲ್ಲಿ ಬೆಲೆ ಬಂದದ್ದು ಈ ಕಾಲದಲ್ಲಿ.

ಆದರೆ ಈ ಎಲ್ಲ ವಸ್ತುಗಳನ್ನು ಒಂದೇ ತತ್ವದಡಿ ತಂದದ್ದು 1902ರ ಜನವರಿ 16ರಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ನಡೆದ ಪ್ರಯೋಗ. ಜಠರದ ಹುಳಿ ಸಣ್ಣಕರುಳನ್ನು ಮುಟ್ಟುತ್ತಲೇ ಮೇದೋಜೀರಕ ಗ್ರಂಥಿ ತನ್ನ ಜೀರ್ಣರಸ ಸುರಿಸುತ್ತದೆ. ಈ ಸುದ್ದಿಯನ್ನು ನರಗಳೇ ಒಯ್ಯುತ್ತವೆ ಎಂಬುದು ರಷ್ಯಾದ ಪಾವ್ಲೊವ್‌ನ ಪ್ರಯೋಗಶಾಲೆಯ ಮತವಾಗಿತ್ತು. ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್, ಅರಿವಳಿಕೆ ಕೊಟ್ಟ ನಾಯಿಯ ಕರುಳಿನ ಒಂದು ತುಂಡಿಗೆ ಹೋಗುವ ನರಗಳನ್ನೆಲ್ಲ ಕತ್ತರಿಸಿ, ರಕ್ತನಾಳಗಳನ್ನು ಮಾತ್ರ ಉಳಿಸಿ, ಅದರೊಳಗೆ ಆಮ್ಲ ಹಾಕಿದರು. ಜೀರ್ಣರಸ ಎಂದಿನಂತೆ ಸುರಿಯಿತು. ಸ್ಟಾರ್ಲಿಂಗ್ ಕೂಡಲೇ ಕರುಳಿನ ಒಳಪೊರೆಯನ್ನು ಕೆರೆದು, ಆಮ್ಲದೊಡನೆ ಅರೆದು, ಸೋಸಿ, ನಾಯಿಯ ರಕ್ತನಾಳಕ್ಕೆ ಚುಚ್ಚಿದ. ಆಗಲೂ ಜೀರ್ಣರಸ ಹೊರಟಿತು. ಸುದ್ದಿ ಒಯ್ದದ್ದು ನರವಲ್ಲ, ರಕ್ತದಲ್ಲಿ ಹರಿದ ರಾಸಾಯನಿಕ ಎಂದು ಸ್ಥಾಪಿತವಾಯಿತು. ಆ ವಸ್ತುವಿಗೆ ಸೆಕ್ರಿಟಿನ್ ಎಂದು ಹೆಸರಿಟ್ಟರು. 1905ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್‌ನಲ್ಲಿ ಮಾಡಿದ ಉಪನ್ಯಾಸದಲ್ಲಿ ಸ್ಟಾರ್ಲಿಂಗ್ ಇಂಥ ವಸ್ತುಗಳಿಗೆಲ್ಲ ಹಾರ್ಮೋನ್ ಎಂಬ ಹೆಸರನ್ನು ಬಳಸಿದ.

ಟೊರಾಂಟೊದ ಚಳಿಗಾಲ

ಮೇದೋಜೀರಕವನ್ನು ತೆಗೆದ ನಾಯಿಗೆ ಸಕ್ಕರೆ ಕಾಯಿಲೆ ಬರುತ್ತದೆ ಎಂದು ಸ್ಟ್ರಾಸ್‌ಬರ್ಗ್‌ನ ಮಿಂಕೊವ್‌ಸ್ಕಿ ಮತ್ತು ಫಾನ್ ಮೆರಿಂಗ್ 1889ರಲ್ಲೇ ತೋರಿಸಿದ್ದರು. ಆದರೆ ಮುಂದಿನ ಮೂವತ್ತು ವರ್ಷ ಆ ಗ್ರಂಥಿಯಿಂದ ಔಷಧ ತೆಗೆಯುವ ಯತ್ನಗಳು ಕೈಗೂಡಲಿಲ್ಲ. ಜೀರ್ಣರಸವನ್ನೂ ಹಾರ್ಮೋನನ್ನೂ ಒಂದೇ ಅಂಗ ತಯಾರಿಸುತ್ತದೆ. ಗ್ರಂಥಿಯನ್ನು ಅರೆದಾಗ ಜೀರ್ಣರಸವು ಪ್ರೋಟೀನ್ ಆದ ಹಾರ್ಮೋನನ್ನು ಒಡೆದುಹಾಕುತ್ತಿತ್ತು. ಥೈರಾಯ್ಡಿನಂತೆ ಇದನ್ನು ತಿನ್ನಿಸುವಂತೆಯೂ ಇರಲಿಲ್ಲ, ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತಿತ್ತು. ಸಕ್ಕರೆ ಕಾಯಿಲೆಯ ಮಕ್ಕಳನ್ನು ಅರೆಹೊಟ್ಟೆಯಲ್ಲಿಟ್ಟು ಕೆಲವು ತಿಂಗಳು ಬದುಕಿಸುವುದಷ್ಟೇ ವೈದ್ಯರಿಗೆ ಸಾಧ್ಯವಿತ್ತು.

1921ರ ಬೇಸಿಗೆಯಲ್ಲಿ ಕೆನಡಾದ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್, ಪ್ರೊಫೆಸರ್ ಮ್ಯಾಕ್ಲಿಯಾಡ್ ಅವರ ಪ್ರಯೋಗಶಾಲೆಯಲ್ಲಿ ಕೆಲಸ ಆರಂಭಿಸಿದರು. ಮೊದಲು ನಾಯಿಗಳ ಮೇದೋಜೀರಕ ಬಳಸಿದರು. ನಾಯಿಗಳು ಸಾಲದೆ ಬಂದಾಗ ಬ್ಯಾಂಟಿಂಗ್ ನಗರದ ಕಸಾಯಿಖಾನೆಗೆ ಹೋಗಿ, ಕೊಯ್ದ ಗಬ್ಬದ ಹಸುಗಳ ಹೊಟ್ಟೆಯಲ್ಲಿದ್ದ ಭ್ರೂಣಗಳ ಮೇದೋಜೀರಕ ತಂದ. ಹುಟ್ಟದ ಕರುವಿನಲ್ಲಿ ಜೀರ್ಣರಸ ಅಷ್ಟಾಗಿ ಇರುವುದಿಲ್ಲ, ಹಾರ್ಮೋನ್ ಮಾತ್ರ ಇರುತ್ತದೆ. ಆಮೇಲೆ ಬೆಳೆದ ದನಗಳ ಗ್ರಂಥಿಯಿಂದಲೇ ಆಲ್ಕೊಹಾಲ್ ಬಳಸಿ ಸತ್ವ ತೆಗೆಯುವುದು ಕೈವಶವಾಯಿತು. 1922ರ ಜನವರಿ 11ರಂದು 14 ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಮೊದಲ ಚುಚ್ಚುಮದ್ದು ಕೊಟ್ಟರು. ಫಲ ಅಲ್ಪವಾಗಿತ್ತು, ಅಶುದ್ಧ ಸತ್ವದಿಂದ ಚುಚ್ಚಿದ ಜಾಗದಲ್ಲಿ ಕೀವುಗಟ್ಟಿತು. ತಂಡದಲ್ಲಿದ್ದ ಜೀವರಸಾಯನಶಾಸ್ತ್ರಜ್ಞ ಜೇಮ್ಸ್ ಕಾಲಿಪ್ ಹಗಲಿರುಳು ದುಡಿದು, ಆಲ್ಕೊಹಾಲಿನ ಸಾಂದ್ರತೆಯನ್ನು ಹಂತಹಂತವಾಗಿ ಏರಿಸಿ, ಹಾರ್ಮೋನ್ ತಳಕ್ಕಿಳಿಯುವ ಬಿಂದುವನ್ನು ಕಂಡುಕೊಂಡ. ಆ ಸತ್ವವನ್ನು ಜನವರಿ 23ರಂದು ಕೊಟ್ಟಾಗ ಬಾಲಕನ ರಕ್ತದ ಸಕ್ಕರೆ ಒಂದೇ ದಿನದಲ್ಲಿ 520ರಿಂದ 120 ಮಿಲಿಗ್ರಾಮಿಗೆ ಇಳಿಯಿತು.

ಶೋಧಕರು ಇನ್ಸುಲಿನ್ ಎಂದು ಹೆಸರಾದ ಈ ಹಾರ್ಮೋನಿನ ಪೇಟೆಂಟನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದರು. ಆದರೆ ಹೂಜಿಯಲ್ಲಿ ಮಾಡಿದ್ದನ್ನು ಹಂಡೆಯಲ್ಲಿ ಮಾಡಹೊರಟಾಗ ಸತ್ವ ಕೈಕೊಟ್ಟಿತು. ಆ ವಸಂತದಲ್ಲಿ ಕೆಲವು ವಾರ ತಯಾರಿಕೆಯೇ ನಿಂತುಹೋಯಿತು. ಅಮೆರಿಕದ ಇಂಡಿಯಾನಾಪೊಲಿಸ್‌ನ ಇಲೈ ಲಿಲ್ಲಿ ಕಂಪನಿಯ ಜಾರ್ಜ್ ವಾಲ್ಡನ್, ದ್ರಾವಣದ ಆಮ್ಲೀಯತೆಯನ್ನು ಹದದಲ್ಲಿಟ್ಟು ಇನ್ಸುಲಿನ್ನನ್ನು ಬೇರ್ಪಡಿಸುವ ವಿಧಾನ ಕಂಡುಹಿಡಿದ ಮೇಲೆ ಉತ್ಪಾದನೆ ನೆಲೆಗೊಂಡಿತು. 1923ರಲ್ಲಿ ಡೆನ್ಮಾರ್ಕಿನಲ್ಲೂ ತಯಾರಿಕೆ ಶುರುವಾಯಿತು. ಹಂದಿ ಸಾಕಣೆಗೆ ಹೆಸರಾದ ಆ ದೇಶದಲ್ಲಿ ಗ್ರಂಥಿಗಳಿಗೆ ಬರವಿರಲಿಲ್ಲ. ಒಂದು ಪೌಂಡ್ ಇನ್ಸುಲಿನ್ ತೆಗೆಯಲು ಸುಮಾರು 23,500 ಪ್ರಾಣಿಗಳ 8,000 ಪೌಂಡ್ ಮೇದೋಜೀರಕ ಬೇಕಾಗುತ್ತಿತ್ತು. ಆರು ದಶಕಗಳ ಕಾಲ ಜಗತ್ತಿನ ಸಕ್ಕರೆ ಕಾಯಿಲೆಯವರ ಜೀವ ಮಾಂಸದ ಮಾರುಕಟ್ಟೆಗೆ ಕಟ್ಟುಬಿದ್ದಿತ್ತು.

ಮೂತ್ರ ಮತ್ತು ಗೆಡ್ಡೆ

ಲೈಂಗಿಕ ಹಾರ್ಮೋನುಗಳ ವಿಷಯದಲ್ಲಿ ಗ್ರಂಥಿಗಳು ಬಹಳ ಜಿಪುಣವಾಗಿದ್ದವು. 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಅರ್ನ್‌ಸ್ಟ್ ಲಾಕ್ವರ್ ತಂಡಕ್ಕೆ 100 ಕಿಲೊ ಹೋರಿಯ ವೃಷಣಗಳಿಂದ ಸಿಕ್ಕ ಟೆಸ್ಟೊಸ್ಟಿರೋನ್ 10 ಮಿಲಿಗ್ರಾಂ. ಆ ಕೆಲಸಕ್ಕೆ ಜೊತೆಯಾಗಿದ್ದ ಆರ್ಗನಾನ್ ಕಂಪನಿಯನ್ನು 1923ರಲ್ಲಿ ಓಸ್ ಎಂಬ ಊರಿನಲ್ಲಿ ಕಟ್ಟಿದವರಲ್ಲಿ ಒಬ್ಬ ಮಾಂಸದ ಕಾರ್ಖಾನೆಯ ಒಡೆಯನೇ ಆಗಿದ್ದ. ಅಷ್ಟರಲ್ಲಿ ಇನ್ನೊಂದು ದಾರಿಯೂ ಕಂಡಿತ್ತು. ದೇಹ ಬಳಸಿ ಬಿಟ್ಟ ಹಾರ್ಮೋನ್ ಮೂತ್ರದಲ್ಲಿ ಹೊರಹೋಗುತ್ತದೆ, ಗರ್ಭಿಣಿಯರ ಮೂತ್ರದಲ್ಲಂತೂ ಹೇರಳವಾಗಿರುತ್ತದೆ ಎಂದು ಬರ್ಲಿನ್ನಿನ ಆಶ್‌ಹೈಮ್ ಮತ್ತು ಜೊಂಡೆಕ್ 1920ರ ದಶಕದ ಕೊನೆಯಲ್ಲಿ ತೋರಿಸಿದರು. 1929ರಲ್ಲಿ ಅಮೆರಿಕದ ಎಡ್ವರ್ಡ್ ಡಾಯ್ಸಿ, ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಪ್ರತ್ಯೇಕವಾಗಿ ಆ ಮೂತ್ರದಿಂದಲೇ ಈಸ್ಟ್ರೋನ್ ಎಂಬ ಹೆಣ್ಣು ಹಾರ್ಮೋನನ್ನು ಬೇರ್ಪಡಿಸಿದರು. ಎರಡು ವರ್ಷಗಳ ಬಳಿಕ ಬುಟೆನಾಂಟ್ ಪೊಲೀಸರಿಂದ ಸಂಗ್ರಹಿಸಿದ ಹತ್ತು ಸಾವಿರ ಲೀಟರಿಗೂ ಮೀರಿದ ಮೂತ್ರದಿಂದ ಆಂಡ್ರೊಸ್ಟಿರೋನ್ ಎಂಬ ಗಂಡು ಹಾರ್ಮೋನನ್ನು ಕೆಲವೇ ಮಿಲಿಗ್ರಾಮಿನಷ್ಟು ಪಡೆದ. 1940ರ ದಶಕದಲ್ಲಿ ಗಬ್ಬದ ಕುದುರೆಗಳ ಮೂತ್ರದಿಂದ ಮಾಡಿದ ಈಸ್ಟ್ರೊಜೆನ್ ಮಾತ್ರೆಗಳು ಬಂದವು. ಮುಟ್ಟು ನಿಂತ ಹೆಂಗಸರ ಮೂತ್ರದಲ್ಲಿ ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನ್ ಹೆಚ್ಚಿರುವುದರಿಂದ, ಇಟಲಿಯ ಸೆರೋನೊ ಕಂಪನಿ ವೃದ್ಧ ಸನ್ಯಾಸಿನಿಯರ ಮಠಗಳಿಂದ ಅದನ್ನು ಸಂಗ್ರಹಿಸಿತು. ಮಕ್ಕಳಾಗದ ಸ್ತ್ರೀಯರ ಚಿಕಿತ್ಸೆಗೆ 1960ರ ದಶಕದಲ್ಲಿ ಬಳಕೆಗೆ ಬಂದದ್ದು ಆ ಔಷಧ.

ಲೈಂಗಿಕ ಹಾರ್ಮೋನುಗಳು ಮತ್ತು ಅಡ್ರಿನಲ್‌ನ ಹೊರಪದರದ ಹಾರ್ಮೋನುಗಳು ಸ್ಟೆರಾಯ್ಡ್ ಎಂಬ ಒಂದೇ ಕುಲದವು, ಕೊಲೆಸ್ಟರಾಲಿನಿಂದ ಹುಟ್ಟುವಂಥವು. ಈ ಅಣುಗಳ ಚೌಕಟ್ಟು ಕೆಲವು ಸಸ್ಯಗಳಲ್ಲೂ ಇದೆ. ಅಮೆರಿಕದ ರಸಾಯನಶಾಸ್ತ್ರಜ್ಞ ರಸೆಲ್ ಮಾರ್ಕರ್ ಮೆಕ್ಸಿಕೊದ ವೆರಾಕ್ರೂಜ್ ಕಾಡಿನಲ್ಲಿ ಬೆಳೆಯುವ ಒಂದು ಬಗೆಯ ಕಾಡುಗೆಣಸಿನಲ್ಲಿ ಡಯಾಸ್ಜೆನಿನ್ ಎಂಬ ವಸ್ತು ಯಥೇಚ್ಛವಾಗಿದೆ ಎಂದು ಕಂಡು, ಅದರಿಂದ ಪ್ರೊಜೆಸ್ಟಿರೋನನ್ನು ಕಿಲೊ ಲೆಕ್ಕದಲ್ಲಿ ತಯಾರಿಸಿದ. 1944ರಲ್ಲಿ ಮೆಕ್ಸಿಕೊ ನಗರದಲ್ಲಿ ಸಿಂಟೆಕ್ಸ್ ಕಂಪನಿ ಹುಟ್ಟಿತು. ಅಲ್ಲಿಯೇ 1951ರಲ್ಲಿ ಕಾರ್ಲ್ ಜೆರಾಸಿ, ಲೂಯಿಸ್ ಮಿರಾಮೊಂಟೆಸ್ ಮತ್ತು ಜಾರ್ಜ್ ರೋಸೆನ್‌ಕ್ರಾಂಜ್, ಬಾಯಿಯ ಮೂಲಕ ಕೊಡಬಹುದಾದ ನಾರ್ಎಥಿಸ್ಟಿರೋನ್ ತಯಾರಿಸಿದರು. ಮುಂದೆ ಗರ್ಭನಿರೋಧಕ ಮಾತ್ರೆಗಳಲ್ಲಿ ಸೇರಿದ ಹಾರ್ಮೋನುಗಳಲ್ಲಿ ಇದೂ ಒಂದು. ಮಾತ್ರೆಯ ಹಿಂದಿನ ತತ್ವ ದೇಹದ್ದೇ: ರಕ್ತದಲ್ಲಿ ಅಂಡಾಶಯದ ಹಾರ್ಮೋನ್ ಸಾಕಷ್ಟಿದ್ದರೆ ಪಿಟ್ಯುಟರಿ ತನ್ನ ಪ್ರಚೋದನೆಯನ್ನು ತಗ್ಗಿಸುತ್ತದೆ, ಅಂಡಾಣು ಬಿಡುಗಡೆಯಾಗುವುದಿಲ್ಲ. ದಶಕಗಳ ಕಾಲ ಈ ಗೆಡ್ಡೆಯನ್ನು ಕಾಡಿನಿಂದ ಅಗೆದು ತಂದವರು ಮೆಕ್ಸಿಕೊದ ಬಡ ರೈತಾಪಿ ಜನ. ಜಗತ್ತಿನ ಹಾರ್ಮೋನ್ ಉದ್ಯಮ ಅವರ ಬೆನ್ನ ಮೇಲೆ ನಿಂತಿತ್ತು. ಅದರ ಲಾಭದಲ್ಲಿ ಅವರಿಗೆ ಸಿಕ್ಕ ಪಾಲು ಮಾತ್ರ ತೀರ ಕಡಿಮೆ.

ಮಿದುಳಿನ ಬುಡ

ಥೈರಾಯ್ಡ್, ಅಡ್ರಿನಲ್, ಅಂಡಾಶಯ, ವೃಷಣಗಳ ಮೇಲೆ ಪಿಟ್ಯುಟರಿಯ ಹತೋಟಿ, ಪಿಟ್ಯುಟರಿಯ ಮೇಲೆ ಮಿದುಳಿನ ಹೈಪೊಥಲಾಮಸ್ ಭಾಗದ ಹತೋಟಿ. ಕೆಳಗಿನ ಗ್ರಂಥಿಯ ಹಾರ್ಮೋನ್ ಹೆಚ್ಚಿದಾಗ ಮೇಲಿನವು ಸುಮ್ಮನಾಗುತ್ತವೆ, ಕಡಿಮೆಯಾದಾಗ ಚುರುಕಾಗುತ್ತವೆ. ಹೈಪೊಥಲಾಮಸ್ ಕಳಿಸುವ ಸಂದೇಶ ಯಾವುದು ಎಂಬುದನ್ನು ಅಮೆರಿಕದಲ್ಲಿ ರೋಜರ್ ಗಿಯ್ಮಾ ಕುರಿಗಳ, ಆಂಡ್ರ್ಯೂ ಶಾಲಿ ಹಂದಿಗಳ ಮಿದುಳಿನ ತುಣುಕುಗಳನ್ನು ಲಕ್ಷಗಟ್ಟಲೆ ತರಿಸಿ ವರ್ಷಗಟ್ಟಲೆ ಹುಡುಕಿದರು. ಥೈರಾಯ್ಡನ್ನು ಪ್ರಚೋದಿಸುವ ಸರಣಿಯ ಮೊದಲ ಕೊಂಡಿಯ ರಚನೆ 1969ರಲ್ಲಿ ಇಬ್ಬರಿಗೂ ದಕ್ಕಿತು; ಅದು ಮೂರೇ ಅಮೈನೊ ಆಮ್ಲಗಳ ಪುಟ್ಟ ಅಣು. 1977ರ ನೊಬೆಲ್ ಪ್ರಶಸ್ತಿಯನ್ನು ಇವರೊಡನೆ ಹಂಚಿಕೊಂಡ ರೋಸಲಿನ್ ಯಾಲೊ, ಸಾಲೊಮನ್ ಬರ್ಸನ್ ಜೊತೆಗೂಡಿ ರಕ್ತದಲ್ಲಿನ ಅತ್ಯಲ್ಪ ಹಾರ್ಮೋನನ್ನೂ ಅಳೆಯುವ ವಿಧಾನ ರೂಪಿಸಿದ್ದರು. ಇಂದು ಲ್ಯಾಬುಗಳಲ್ಲಿ ಮಾಡುವ ಥೈರಾಯ್ಡ್ ಪರೀಕ್ಷೆಗೆ ಅಡಿಪಾಯ ಆ ಕೆಲಸ.

ಪ್ರಾಣಿಗಳು ನೆರವಿಗೆ ಬಾರದ ಹಾರ್ಮೋನ್ ಒಂದಿತ್ತು. ದನ, ಹಂದಿಗಳ ಬೆಳವಣಿಗೆಯ ಹಾರ್ಮೋನ್ ಮನುಷ್ಯನಲ್ಲಿ ಕೆಲಸ ಮಾಡುವುದಿಲ್ಲ. 1958ರಲ್ಲಿ ಅಮೆರಿಕದ ಮಾರಿಸ್ ರೇಬನ್, ಮನುಷ್ಯರ ಶವದ ಪಿಟ್ಯುಟರಿಯಿಂದ ತೆಗೆದ ಹಾರ್ಮೋನಿನಿಂದ ಎತ್ತರ ಬೆಳೆಯದ ರೋಗಿಯೊಬ್ಬನಿಗೆ ಚಿಕಿತ್ಸೆ ನೀಡಿದ್ದನ್ನು ವರದಿ ಮಾಡಿದ. ಒಂದು ಮಗುವಿನ ಒಂದು ವರ್ಷದ ಚಿಕಿತ್ಸೆಗೆ ಹತ್ತಾರು ಶವಗಳ ಗ್ರಂಥಿ ಬೇಕಿತ್ತು. ಹಲವು ದೇಶಗಳು ಶವಾಗಾರಗಳಿಂದ ಪಿಟ್ಯುಟರಿ ಸಂಗ್ರಹಿಸಲು ಸಂಸ್ಥೆಗಳನ್ನೇ ಕಟ್ಟಿದವು. 1985ರಲ್ಲಿ, ಈ ಚಿಕಿತ್ಸೆ ಪಡೆದಿದ್ದ ಯುವಕರು ಕ್ರೂಟ್ಜ್‌ಫೆಲ್ಟ್-ಯಾಕೋಬ್ ಎಂಬ ಮಾರಕ ಮಿದುಳಿನ ಕಾಯಿಲೆಯಿಂದ ಸಾಯುತ್ತಿರುವುದು ಬೆಳಕಿಗೆ ಬಂತು. ಸೋಂಕು ಹರಡಿದ್ದು ಗ್ರಂಥಿಗಳ ಮೂಲಕ. ಸಂಗ್ರಹ ನಿಂತಿತಾದರೂ, ಆ ಮೊದಲೇ ಚಿಕಿತ್ಸೆ ಪಡೆದವರಲ್ಲಿ ಜಗತ್ತಿನಾದ್ಯಂತ ಇನ್ನೂರಕ್ಕೂ ಹೆಚ್ಚು ಮಂದಿ ಮುಂದಿನ ವರ್ಷಗಳಲ್ಲಿ ಈ ಕಾಯಿಲೆಗೆ ಬಲಿಯಾದರು.

ಸೂಕ್ಷ್ಮಜೀವಿಯ ಕೈಗೆ

ಇಂಗ್ಲೆಂಡಿನ ಫ್ರೆಡರಿಕ್ ಸ್ಯಾಂಗರ್ 1950ರ ದಶಕದಲ್ಲಿ ಇನ್ಸುಲಿನ್ನಿನ 51 ಅಮೈನೊ ಆಮ್ಲಗಳ ಜೋಡಣೆಯನ್ನು ಬಿಡಿಸಿ ತೋರಿಸಿದ್ದ. ಹಂದಿಯ ಇನ್ಸುಲಿನ್ ಮನುಷ್ಯನದಕ್ಕಿಂತ ಒಂದು ಅಮೈನೊ ಆಮ್ಲದಲ್ಲಿ, ದನದ್ದು ಮೂರರಲ್ಲಿ ಬೇರೆಯಾಗಿದೆ. ಈ ಸಣ್ಣ ಅಂತರ ಮತ್ತು ಕಲ್ಮಶಗಳಿಂದಾಗಿ ಕೆಲವರಿಗೆ ಅಲರ್ಜಿಯಾಗುತ್ತಿತ್ತು. 1978ರಲ್ಲಿ ಕ್ಯಾಲಿಫೋರ್ನಿಯಾದ ಜೆನೆನ್‌ಟೆಕ್ ಮತ್ತು ಸಿಟಿ ಆಫ್ ಹೋಪ್ ಸಂಸ್ಥೆಗಳ ವಿಜ್ಞಾನಿಗಳು ಮಾನವ ಇನ್ಸುಲಿನ್ನಿನ ವಂಶವಾಹಿಯನ್ನು ಪ್ರಯೋಗಶಾಲೆಯಲ್ಲಿ ಜೋಡಿಸಿ ಇ. ಕೋಲಿ ಬ್ಯಾಕ್ಟೀರಿಯಾದೊಳಗೆ ಇಟ್ಟರು. ಬ್ಯಾಕ್ಟೀರಿಯಾ ಇನ್ಸುಲಿನ್ನಿನ ಎರಡೂ ಎಳೆಗಳನ್ನು ತಯಾರಿಸಿತು. 1982ರಲ್ಲಿ ಅಮೆರಿಕ ಸರ್ಕಾರ ಆ ಇನ್ಸುಲಿನ್ನಿಗೆ ಒಪ್ಪಿಗೆ ನೀಡಿತು. ಬೆಳವಣಿಗೆಯ ಹಾರ್ಮೋನ್ 1985ರಲ್ಲಿ ಅದೇ ದಾರಿಯಲ್ಲಿ ಬಂತು.

ಈ ಉದ್ಯಮ ಕರ್ನಾಟಕಕ್ಕೂ ಬಂತು. ಬೆಂಗಳೂರಿನಲ್ಲಿ 1978ರಲ್ಲಿ ಪಪ್ಪಾಯಿಯ ಹಾಲಿನಿಂದ ಕಿಣ್ವ ತೆಗೆಯುವ ಪುಟ್ಟ ಕೆಲಸದೊಂದಿಗೆ ಆರಂಭವಾದ ಬಯೋಕಾನ್, ಹುದುಗಿಸುವ ವಿದ್ಯೆಯನ್ನು ಹಂತಹಂತವಾಗಿ ಕರಗತ ಮಾಡಿಕೊಂಡು, 2004ರಲ್ಲಿ ಮಾನವ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಅದನ್ನು ತಯಾರಿಸುವುದು ಪಿಕಿಯಾ ಎಂಬ ಯೀಸ್ಟ್. ಉಕ್ಕಿನ ತೊಟ್ಟಿಗಳಲ್ಲಿ ಆಹಾರ, ಗಾಳಿ, ಉಷ್ಣತೆಯನ್ನು ಹದದಲ್ಲಿಟ್ಟರೆ ಯೀಸ್ಟ್ ಇನ್ಸುಲಿನ್ನಿನ ಪೂರ್ವರೂಪವನ್ನು ಹೊರಬಿಡುತ್ತದೆ. ಅದನ್ನು ಕತ್ತರಿಸಿ, ಶುದ್ಧೀಕರಿಸಿ ಔಷಧವಾಗಿಸುತ್ತಾರೆ.

ಹಳೆಯ ದಾರಿಗಳು ಪೂರ್ತಿ ಮುಚ್ಚಿಲ್ಲ. ಹಂದಿಯ ಥೈರಾಯ್ಡಿನ ಒಣಪುಡಿಯ ಮಾತ್ರೆಗಳೂ ಗಬ್ಬದ ಕುದುರೆಯ ಮೂತ್ರದ ಈಸ್ಟ್ರೊಜೆನ್ನೂ ಕೆಲವು ದೇಶಗಳಲ್ಲಿ ಇಂದಿಗೂ ಮಾರಾಟವಾಗುತ್ತಿವೆ. ಆದರೆ ಇನ್ಸುಲಿನ್ ಈಗ ಬಹುಮಟ್ಟಿಗೆ ಹುದುಗು ತೊಟ್ಟಿಯಿಂದಲೇ ಬರುತ್ತದೆ, ಕಸಾಯಿಖಾನೆಯ ಪೂರೈಕೆಗೆ ಕಾಯಬೇಕಾದ ಕಾಲ ಮುಗಿದಿದೆ. ಗ್ರಂಥಿಗಳ ಕೊರತೆಯೆಂಬ ಹಳೆಯ ಅಡ್ಡಿ ನಿವಾರಣೆಯಾಗಿದೆ. ಬೆಲೆಯ ಅಡ್ಡಿ ಉಳಿದಿದೆ. ಒಂದು ಡಾಲರಿಗೆ ಪೇಟೆಂಟ್ ಬಿಟ್ಟುಕೊಟ್ಟವರ ಉದ್ದೇಶ ಪೂರ್ತಿ ಈಡೇರುವುದು, ಇನ್ಸುಲಿನ್ ಅಗತ್ಯವಿರುವ ಪ್ರತಿಯೊಬ್ಬ ಬಡ ರೋಗಿಗೂ ಅದು ಕೈಗೆಟುಕುವ ಬೆಲೆಗೆ ತಪ್ಪದೆ ಸಿಕ್ಕಾಗ ಮಾತ್ರ.